ಬಾಗಿಲು ಹಾಕಿದ ಮೇಲಿನ ಹೆಸರು

ಜೋಹ್ರಾ ಖಾಲಾ ಹಾಕಿದಷ್ಟು ಭದ್ರವಾಗಿ ನಮ್ಮ ಮನೆಯ ಬಾಗಿಲನ್ನು ಇನ್ನಾರೂ ಹಾಕಿಲ್ಲ. ಒಳಗೆ ಬಂದವರೇ ಬೂಟು ಕಳಚುವ ಮೊದಲು ಹಿಂದಕ್ಕೆ ತಿರುಗಿ, ಬಾಗಿಲು ಮುಚ್ಚಿ, ಬೋಲ್ಟು ತಿರುಗಿಸಿ, ಹಿಡಿಕೆಯನ್ನು ಜಗ್ಗಿ ನೋಡುತ್ತಿದ್ದರು. ಅಷ್ಟಾದ ಮೇಲೆಯೇ ಅವರ ಬಾಯಿಂದ ನನ್ನ ಹೆಸರು ಹೊರಡುತ್ತಿದ್ದುದು. "ಸುವರ್ಣಾ, ಚಹಾಕ್ಕ ಇಟ್ಟೀಯೇನು?" ಅಲ್ಲಿಯತನಕ ನಾನು ಎದುರಿಗೇ ನಿಂತಿದ್ದರೂ ಬರೀ ನಗು, ಮಾತಿಲ್ಲ. ಚಿಕಾಗೋದಿಂದ ಐದು ತಾಸಿನ ದಾರಿಯ ರಾಚೆಸ್ಟರ್ ಹಿಲ್ಸ್‌ನ ನಮ್ಮ ಬಡಾವಣೆಯಲ್ಲಿ ಹಗಲು ಹೊತ್ತು ಬೋಲ್ಟು ಹಾಕುವವರೇ ಕಡಿಮೆ. ಪಕ್ಕದ ಮನೆಯಿಂದ ಹುಲ್ಲುಹಾಸು ದಾಟಿ ಬರುವ ಈ ಮುದುಕಿಗೆ ಯಾರ ಭಯವೋ ಎಂದು ನನಗೆ ಮೊದಮೊದಲು ನಗು ಬರುತ್ತಿತ್ತು.

ಬಯಲಿನಲ್ಲಿ ಅವರು ಹೆಣ್ಣುಮಕ್ಕಳ ಹೆಸರು ಹಿಡಿದು ಕೂಗಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಮೊಮ್ಮಗಳು ಸಾರಾ ಸೈಕಲ್ಲು ಹತ್ತಿ ರಸ್ತೆಯ ಆ ತುದಿಗೆ ಹೋಗಿದ್ದರೆ ಅಂಗಳದಲ್ಲಿ ನಿಂತು ಕೈ ತಟ್ಟುತ್ತಿದ್ದರು. ಒಣಗಿದ, ಗಟ್ಟಿ ಚಪ್ಪಾಳೆ. ಅದಕ್ಕೆ ಸಾರಾ ಒಬ್ಬಳೇ ಅಲ್ಲ, ಬೀದಿಯ ಮಕ್ಕಳೆಲ್ಲ ಓಡಿ ಬರುತ್ತಿದ್ದರು. ಖಾಲಾನ ಜೇಬಿನಲ್ಲಿ ಒಣದ್ರಾಕ್ಷಿ ಇರುತ್ತಿತ್ತು, ಅದೇ ಕಾರಣವಿರಬೇಕು.

ನಮ್ಮ ಪರಿಚಯವಾದದ್ದೂ ಚಪ್ಪಾಳೆಯಿಂದಲೇ. ಅಡುಗೆಮನೆಯಲ್ಲಿ ರೊಟ್ಟಿ ಸುಟ್ಟರೆ ಹೊಗೆಯ ಅಲಾರಂ ಬಡಕೊಳ್ಳುತ್ತದೆಂದು ನಾನು ಗರಾಜಿನಲ್ಲಿ ಸಣ್ಣದೊಂದು ಒಲೆ ಇಟ್ಟುಕೊಂಡಿದ್ದೆ. ಆಗ ಬಸುರಿ. ಜೋಳದ ರೊಟ್ಟಿ ಬಿಟ್ಟರೆ ಬೇರೇನೂ ಸೇರುತ್ತಿರಲಿಲ್ಲ. ಒಂದು ಶನಿವಾರ ಗರಾಜಿನ ಬಾಗಿಲು ಎತ್ತಿ ಕುಳಿತು ಟಪಟಪ ರೊಟ್ಟಿ ಬಡಿಯುತ್ತಿದ್ದಾಗ, ತಲೆಗೆ ಹೂವಿನ ಚೌಕ ಕಟ್ಟಿದ ಗುಂಡು ಮುಖದ ಮುದುಕಿಯೊಬ್ಬರು ಡ್ರೈವ್‌ವೇಯಲ್ಲಿ ಬಂದು ನಿಂತರು. ಸದ್ದು ಜಾಸ್ತಿಯಾಯಿತೆಂದು ಜಗಳಕ್ಕೆ ಬಂದರೇನೋ ಎಂದುಕೊಂಡೆ. ಅವರು ಉರ್ದುವಿನಲ್ಲಿ ಕೇಳಿದರು, "ಕರದೀಯೇನು ಬೇಟಿ?" ನಾನು ಬಿಜಾಪುರದವಳು, ಮುಸಲ್ಮಾನರ ಓಣಿಗೆ ಅಂಟಿದ ಮನೆಯಲ್ಲಿ ಬೆಳೆದವಳು. ಕರೆದಿಲ್ಲ, ರೊಟ್ಟಿ ಬಡಿಯುತ್ತಿದ್ದೇನೆ ಎಂದು ನಮ್ಮ ಕಡೆಯ ಉರ್ದುವಿನಲ್ಲೇ ಹೇಳಿದೆ. "ಇರಲಿ, ಬಂದೀನಲ್ಲ" ಎಂದು ಅಲ್ಲೇ ಒಂದು ಬಕೆಟ್ಟನ್ನು ಬೋರಲು ಹಾಕಿ ಕುಳಿತರು. ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟೆ, ಚಿಕ್ಕಮ್ಮ ಎನ್ನುವ ಹಾಗೆ ಖಾಲಾ ಎಂದು ಕರೆದೆ. ಅವರ ಕ್ವೆಟ್ಟಾದ ಉರ್ದು, ನನ್ನ ಬಿಜಾಪುರದ ಉರ್ದು ಎರಡೂ ಸೇರಿ ನಮ್ಮದೇ ಒಂದು ಭಾಷೆಯಾಯಿತು. ನೆನಪಿನಲ್ಲಿ ಅವರ ಮಾತು ನನ್ನ ಕನ್ನಡವಾಗಿಯೇ ಕೂತಿದೆ, ಹಾಗಾಗಿ ಇಲ್ಲಿಯೂ ಹಾಗೇ ಬರೆಯುತ್ತೇನೆ.

ಹೆಸರು ಹೇಳದ ಅವರ ಪದ್ಧತಿಯ ಬಗ್ಗೆ ನಾನೇ ಒಮ್ಮೆ ಮಾತು ತೆಗೆದೆ. ನಮ್ಮಲ್ಲೂ ಹಿಂದಿನ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ, ಹೇಳಿದರೆ ಅವನ ಆಯುಷ್ಯಕ್ಕೆ ಕೇಡು ಎನ್ನುತ್ತಿದ್ದರು ಎಂದೆ. ಖಾಲಾ ಕುತೂಹಲದಿಂದ ಮುಂದೆ ಬಗ್ಗಿದರು. "ಅವರನ್ನೂ ಹಿಡಕೊಂಡು ಹೋಗತಿದ್ರೇನು?"

"ಯಾರು ಖಾಲಾ?"

"ಅಮೀರನ ಮಂದಿ."

ಯಾವ ಅಮೀರ ಎಂದು ನನಗೆ ಆಗ ತಿಳಿಯಲಿಲ್ಲ. ಅವರು ಹೇಳಲೂ ಇಲ್ಲ. ಆದರೆ ಆ ಹೆಸರು ಅವರ ಬಾಯಲ್ಲಿ ದಿನವೂ ಆಡುತ್ತಿತ್ತು. ತೆಗೆಯಲಾಗದ ಉಪ್ಪಿನಕಾಯಿ ಬಾಟಲಿ ಅಮೀರ, ಹಿಡಿದು ಬಿಡದ ಕೆಮ್ಮು ಅಮೀರ. ಎಲ್ಲಕ್ಕಿಂತ ದೊಡ್ಡ ಅಮೀರ ಎಂದರೆ ರಸ್ತೆಯ ಹಿಮ ತಳ್ಳುವ ಟ್ರಕ್ಕು. ನಾವು ಡ್ರೈವ್‌ವೇಯನ್ನು ಸಲಿಕೆಯಿಂದ ಬಳಿದು ಸೊಂಟ ನೇರ ಮಾಡುವಷ್ಟರಲ್ಲಿ ಅದು ಬಂದು ರಸ್ತೆಯ ಹಿಮವನ್ನೆಲ್ಲ ನಮ್ಮ ಬಾಯಿಗೇ ಸುರಿದು ಹೋಗುತ್ತಿತ್ತು. ಖಾಲಾ ಕಿಟಕಿಯಲ್ಲಿ ನಿಂತು ಅದಕ್ಕೆ ಕೈ ಝಾಡಿಸಿ ಬೈಯುತ್ತಿದ್ದರು. "ಬಂದ ನೋಡು ಅಮೀರ, ಬಡವರ ಬಾಗಿಲಾಗ ಗೋಡಿ ಕಟ್ಟಲಿಕ್ಕೆ!"

ಅವರ ಮಗ ಮುರ್ತಜಾ ವಿಕ್ಸಮ್‌ನ ಒಂದು ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಸೂಪರ್‌ವೈಸರ್. ಸೊಸೆ ಸೌತ್‌ಫೀಲ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಹಗಲೆಲ್ಲ ಖಾಲಾ ಒಬ್ಬರೇ, ಹೊಟ್ಟೆ ದೊಡ್ಡದಾದ ಮೇಲೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ನಾನೂ ಒಬ್ಬಳೇ. ಬಿಜಾಪುರದಿಂದ ತಾಯಿ ಬರಲು ವೀಸಾ ಸಿಗದ ಆ ಚಳಿಗಾಲದಲ್ಲಿ ನನ್ನ ಕಾಲು ಒತ್ತಿದ್ದು, ಜೀರಿಗೆ ಹುರಿದು ಕುದಿಸಿ ಕುಡಿಸಿದ್ದು ಖಾಲಾ.

ಅಮೀರ ಯಾರೆಂದು ತಿಳಿದದ್ದು ನನ್ನ ಗಂಡ ಸಂಗಮೇಶ ಮಾಡಿದ ಒಂದು ಎಡವಟ್ಟಿನಿಂದ. ನಮ್ಮ ಮಂದಿಗೆ ಒಂದು ಚಟ ಇದೆ. ಯಾವ ಊರಿನವರು ಸಿಕ್ಕರೂ ಅವರ ಊರಿನ ರಾಜನನ್ನು ಹೊಗಳಿದರೆ ಅವರಿಗೆ ಖುಷಿಯಾಗುತ್ತದೆ ಎಂದುಕೊಳ್ಳುತ್ತೇವೆ. ನಮಗೆ ಯಾರಾದರೂ ಆದಿಲ್‌ಶಾಹಿ ಗುಮ್ಮಟ ಹೊಗಳಿದರೆ ಹಿಗ್ಗುವುದಿಲ್ಲವೇ, ಹಾಗೆ. ಖಾಲಾನ ಮನೆಯವರನ್ನು ಊಟಕ್ಕೆ ಕರೆದ ದಿನ ಇವರು ಕಾರಿನಲ್ಲಿ ಹೋಗಿಬರುತ್ತ ಪಾಡ್‌ಕಾಸ್ಟ್ ಕೇಳಿ ತಯಾರಾಗಿದ್ದರು. ಎಣ್ಣೆಗಾಯಿ ಬಡಿಸುತ್ತ ಶುರು ಮಾಡಿದರು. "ನಿಮ್ಮ ಮೂಲ ಅಫ್ಘಾನಿಸ್ತಾನ ಅಲ್ರೀ ಖಾಲಾ? ನಿಮ್ಮಲ್ಲಿ ಹಿಂದ ಒಬ್ಬ ಅಮೀರ ಇದ್ದ. ಒಂದು ಕಡೆ ರಷ್ಯಾ, ಒಂದು ಕಡೆ ಇಂಗ್ಲಿಷರು, ಇಬ್ಬರ ನಡುವ ನಿಂತು ದೇಶ ಉಳಿಸಿಕೊಂಡ. ಏನ್ ಗಟ್ಟಿ ಆಳು ರೀ!"

ಮುರ್ತಜಾ ತಟ್ಟೆಯಿಂದ ಕೈ ತೆಗೆದ. ಖಾಲಾ ಸಿಟ್ಟಾಗಲಿಲ್ಲ. ಬಡಿಸುತ್ತಿದ್ದ ಇವರ ಮುಂಗೈ ಮೇಲೆ ತಮ್ಮ ಕೈ ಇಟ್ಟು, "ದೇಶ ಉಳೀತು ಬೇಟಾ. ನಾವು ಉಳೀಲಿಲ್ಲ" ಎಂದರು. ಇವರಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಖಾಲಾ ಎದ್ದು ಹೋಗಿ, ಹಾಕಿದ್ದ ಬಾಗಿಲನ್ನು ಮತ್ತೊಮ್ಮೆ ಜಗ್ಗಿ ನೋಡಿ ಬಂದು ಕುಳಿತರು. ಆಮೇಲೆ ಹೇಳಿದರು.

ಅವರು ಹಜಾರಾ ಎಂಬ ಗುಡ್ಡಗಾಡಿನ ಜನ, ಷಿಯಾ ಪಂಥದವರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾಬೂಲಿನಲ್ಲಿ ಆಳಿದ ಆ ಅಮೀರನ ಉತ್ತರಕ್ಕೆ ರಷ್ಯದ ಚಕ್ರವರ್ತಿ, ಪೂರ್ವಕ್ಕೆ ಹಿಂದೂಸ್ತಾನದಲ್ಲಿ ಕುಳಿತ ಇಂಗ್ಲಿಷರು. ಇಬ್ಬರ ಮೈ ಒಂದಕ್ಕೊಂದು ತಾಗದಂತೆ ನಡುವೆ ಒಂದು ಗೋಡೆ ಬೇಕಾಗಿತ್ತು. ಇಂಗ್ಲಿಷರು ಆ ಗೋಡೆಗೆಂದು ಹಣ ಕೊಟ್ಟರು, ಬಂದೂಕು ಕೊಟ್ಟರು. ಗೋಡೆಯ ಒಳಗೆ ಅವನು ಯಾರಿಗೆ ಏನು ಮಾಡಿದರೂ ಕೇಳಲಿಲ್ಲ. ತಿರುಗಿಬಿದ್ದವರ ತಲೆಬುರುಡೆಗಳನ್ನು ಗೋಪುರವಾಗಿ ಪೇರಿಸಿದ. ಕಳ್ಳರನ್ನು ಪಂಜರದಲ್ಲಿಟ್ಟು ಕಣಿವೆಯ ದಾರಿಯಲ್ಲಿ ತೂಗುಹಾಕಿ ಸಾಯಲು ಬಿಟ್ಟ. ಹಜಾರಾಗಳು ದಂಗೆಯೆದ್ದಾಗ ಅವರ ಗುಡ್ಡಗಳ ಮೇಲೆ ಸೈನ್ಯ ನುಗ್ಗಿಸಿದ. ಹುಲ್ಲುಗಾವಲನ್ನು ಬೇರೆಯವರಿಗೆ ಹಂಚಿದ, ಹೆಣ್ಣುಮಕ್ಕಳನ್ನು ಕಾಬೂಲಿನ ಪೇಟೆಯಲ್ಲಿ ಮಾರಿಸಿದ. ಉಳಿದವರು ಗುಡ್ಡ ದಾಟಿ, ಗಡಿಯಾಚೆ ಕ್ವೆಟ್ಟಾಕ್ಕೆ, ಮಶ್ಹದ್‌ಗೆ ಓಡಿದರು.

"ನಮ್ಮ ಅಜ್ಜಿ ಆಗ ಸಣ್ಣಾಕಿ" ಎಂದರು ಖಾಲಾ. "ಆಕಿಗೊಬ್ಬ ಅಕ್ಕ. ಸಂಜಿಮುಂದ ತಾಯಿ ಬಾಗಿಲಾಗ ನಿಂತು ದೊಡ್ಡಾಕಿ ಹೆಸರ ಹಿಡಿದು ಒದರಿದಳಂತ, ಆಡು ಹೊಡಕೊಂಡು ಲಗೂನ ಬಾ ಅಂತ. ಅಮೀರನ ಸಿಪಾಯರು ಗುಡ್ಡದ ಮರೆಯಾಗ ಕೂತು ಕೇಳಿಸಿಕೊಂಡ್ರು. ಮರುದಿವಸ ಬಂದು ಬಾಗಿಲ ಹೊರಗ ನಿಂತು ಅದ ಹೆಸರ ಹಿಡಿದು ಕರದ್ರು. ಮೆತ್ತಗ, ಮನಿ ಮಂದಿ ಕರದಂಗ. ನಮ್ಮವರ ಯಾರೋ ಬಂದಾರ ಅಂತ ಆಕಿ ತಾನ ಹೋಗಿ ಬಾಗಿಲ ತಗದಳು."

ಆಮೇಲೆ ಅವಳನ್ನು ಕಂಡವರಿಲ್ಲ. ಕ್ವೆಟ್ಟಾ ಸೇರಿದ ಅಜ್ಜಿ ಅವತ್ತಿನಿಂದ ಮನೆಗೊಂದು ಕಟ್ಟಳೆ ಮಾಡಿದಳು. ತೆರೆದ ಬಾಗಿಲಲ್ಲಿ, ಬಯಲಲ್ಲಿ ಹೆಣ್ಣುಮಕ್ಕಳ ಹೆಸರು ಕೂಗಬಾರದು. ಮತ್ತು ಆ ಅಕ್ಕನ ಹೆಸರನ್ನು ಪ್ರತಿ ತಲೆಮಾರಿನಲ್ಲೂ ಒಬ್ಬ ಹುಡುಗಿಗೆ ಇಡಬೇಕು, ಗುಟ್ಟಾಗಿ. ಹೊರಗಿನವರಿಗೆ, ಶಾಲೆಗೆ, ಕಾಗದಪತ್ರಕ್ಕೆ ಬೇರೆ ಹೆಸರು. ಅಕ್ಕನಾಗಲಿ ಅವಳ ಮಕ್ಕಳಾಗಲಿ ಎಂದಾದರೊಂದು ದಿನ ಹುಡುಕಿಕೊಂಡು ಬಂದು ಆ ಹೆಸರು ಕೇಳಿದರೆ ಓಗೊಡಲು ಒಬ್ಬಳಾದರೂ ಇರಬೇಕು ಎಂಬುದು ಅಜ್ಜಿಯ ಲೆಕ್ಕ. ಜೋಹ್ರಾ ಎಂಬುದು ನಮ್ಮ ಖಾಲಾನ ಬಾಗಿಲ ಹೆಸರು ಮಾತ್ರ. ಒಳಗಿನ ಹೆಸರು ಬೇರೆ. ಅದನ್ನು ಅಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

 ಆ ಚಳಿಗಾಲವಿಡೀ ಇವರು ಖಾಲಾನ ಡ್ರೈವ್‌ವೇಯ ಹಿಮವನ್ನು ನಮ್ಮದಕ್ಕಿಂತ ಮೊದಲು ತೆಗೆದರು.

ಖಾಲಾಗೆ ಇದ್ದದ್ದು ಒಂದೇ ಒಂದು ಚಿಂತೆ. ಮಗಳಿಲ್ಲ. ಇರುವವಳು ಮೊಮ್ಮಗಳು ಸಾರಾ. ಆ ಹೆಸರನ್ನು ಸಾರಾಳ ಕಿವಿಗೆ ಹಾಕಿ ಕಣ್ಣು ಮುಚ್ಚಬೇಕು ಎಂದು ಅವರ ಆಸೆ, ಮುರ್ತಜಾ ಒಪ್ಪಲೊಲ್ಲ. ಅವನನ್ನು ನಾನು ತಪ್ಪು ಎನ್ನಲಾರೆ. ಒಂದು ದಿನ ನಮ್ಮ ಅಡುಗೆಮನೆಯಲ್ಲಿ ತಾಯಿ ಮಗ ಇಬ್ಬರೂ ನನ್ನೆದುರೇ ವಾದಕ್ಕೆ ಬಿದ್ದರು. ಅವನು ತಡೆಯಲಾರದೆ ನನ್ನ ಕಡೆ ತಿರುಗಿದ. "ನೀವ ಹೇಳ್ರಿ ದೀದಿ. ಕ್ವೆಟ್ಟಾದಾಗ ನಮ್ಮ ಮಂದಿನ ಬಸ್ಸಿನಿಂದ ಇಳಿಸಿ ಹೆಸರ ಕೇಳತಿದ್ರು. ಷಿಯಾ ಹೆಸರ ಅಂದ್ರ ಗುಂಡ ಹೊಡೀತಿದ್ರು. ನನ್ನ ದೋಸ್ತರನ್ನ ನಾನ ಹೊತ್ತೀನಿ. ನನ್ನ ಮಗಳಿಗೆ ಒಂದ ಹೆಸರಿರಲಿ, ಬಯಲಾಗ ನಿಂತು ಒದರೂವಂಥಾದ್ದು, ಅಂತ ಅದಕ್ಕ ಇಲ್ಲಿಗೆ ಬಂದೀನಿ." ಆಮೇಲೆ ತಾಯಿಗೆ ಮೆತ್ತಗೆ ಹೇಳಿದ, "ಅಮ್ಮಿ, ಇಲ್ಲಿ ಡೋರ್‌ಬೆಲ್ಲಿಗೇ ಕ್ಯಾಮೆರಾ ಐತಿ. ಯಾರೂ ಬಂದು ಕರಿಯೂದಿಲ್ಲ."

"ಕರಿಯೂದಿಲ್ಲ ಅಂತನ ನನಗ ದುಃಖ" ಎಂದರು ಖಾಲಾ. "ಯಾರರೆ ಕರದ್ರ ಓ ಅನ್ನಾಕ ಒಬ್ಬರು ಬೇಕಲ್ಲೋ."

 ಅದಾದ ಮೇಲೆ ಖಾಲಾ ಆ ಮಾತೆತ್ತುವುದನ್ನು ಬಿಟ್ಟರು. ಚಹಾ ಕುಡಿಯುತ್ತ ಕುಡಿಯುತ್ತ ಸುಮ್ಮನೆ ಸಾರಾಳ ಕಿವಿಯನ್ನೇ ನೋಡುತ್ತ ಕೂರುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಹಿಮ ಕರಗುವ ಹೊತ್ತಿಗೆ ನನಗೆ ಹೆಣ್ಣುಮಗುವಾಯಿತು. ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ನಾದಿನಿ ಕಸ್ತೂರಿ ಚಿಕಾಗೋ ಹತ್ತಿರದ ನೇಪರ್‌ವಿಲ್‌ನಿಂದ, ದಾರಿಯುದ್ದಕ್ಕೂ ಡ್ರೈವ್ ಮಾಡಿಕೊಂಡು ಬಂದಳು. ಸೋದರತ್ತೆ ಬಾರದೆ ಹೆಸರಿಡುವುದುಂಟೇ? ಕನ್ನಡದ ಹೆಂಗಸರು ನಡುಮನೆಯ ತುಂಬ ನೆರೆದಿದ್ದರು. ಖಾಲಾನೂ ತಮ್ಮ ಒಳ್ಳೆಯ ಚೌಕ ಕಟ್ಟಿಕೊಂಡು ಬಂದು ಮೂಲೆಯ ಸೋಫಾದಲ್ಲಿ ಕೂತಿದ್ದರು. ಕಸ್ತೂರಿ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ "ಕುರ್ರ್ರ್" ಎಂದು ಹೆಸರು ಉಸುರಿದಳು. ನಮ್ಮ ಕಡೆ ಪದ್ಧತಿಯಂತೆ, ಅವಳು ಏಳುವ ಮೊದಲೇ ಹೆಂಗಸರೆಲ್ಲ ಮುಗಿಬಿದ್ದು ಅವಳ ಬೆನ್ನಿಗೆ ಗುದ್ದತೊಡಗಿದರು. ಬೆಂಗಳೂರು ಕಡೆಯ ಒಬ್ಬರು, "ಅಯ್ಯೋ, ಯಾಕ್ರೀ ಹೊಡೀತೀರಾ ಪಾಪ!" ಎಂದು ಗಾಬರಿಯಾದರು. ಕಸ್ತೂರಿ ನಗುತ್ತ ಇಳಾ ಎಂಬ ಹೆಸರಿಗೊಮ್ಮೆ, ಮನೆದೇವರ ಕಡೆಯಿಂದ ಗೌರವ್ವ ಎಂಬ ಹೆಸರಿಗೊಮ್ಮೆ ಪೆಟ್ಟು ತಿಂದಳು.

ಖಾಲಾ ಎದ್ದು ನನ್ನ ಹತ್ತಿರ ಬಂದರು. "ಹೆಸರ ಕಿವ್ಯಾಗ ಹೇಳತೀರೇನು? ಬ್ಯಾರೆಯವರಿಗೆ ಕೇಳಲಾರದಂಗ?"

"ಹೌದು ಖಾಲಾ."

"ಒಂದಕ್ಕಿಂತ ಜಾಸ್ತಿ ಹೆಸರ ಇಡಬಹುದೇನು?"

"ಎಷ್ಟು ಬೇಕಾದ್ರೂ."

ಅವರು ಚೌಕದ ಗಂಟು ಬಿಗಿ ಮಾಡಿಕೊಂಡರು. "ಹಂಗಾದ್ರ ನಾನೂ ಒಂದು ಹೇಳಲೇನು?" ನಾನು ಅವರ ಕೈ ಹಿಡಿದು ತೊಟ್ಟಿಲ ಹತ್ತಿರ ಕರೆದೊಯ್ದೆ. ಅವರು ಬಗ್ಗಿದರು. ಚೌಕದ ಅಂಚು ಮಗುವಿನ ಮುಖ ಮುಚ್ಚಿತು. ತುಟಿ ಅಲುಗಿದ್ದು ಕಾಣಲಿಲ್ಲ, ಆದರೆ ಹೇಳಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದರು. ಹೆಂಗಸರು ಬಿಡುತ್ತಾರೆಯೇ, ಮುದುಕಿ ಎಂದು ನೋಡದೆ ಅವರ ಬೆನ್ನಿಗೂ ಗುದ್ದಿದರು. ಎದ್ದಾಗ ಅವರ ಮುಖವೆಲ್ಲ ಒದ್ದೆ. ಕಸ್ತೂರಿ ಓಡಿ ಬಂದಳು. "ಜೋರ್ ಬಿತ್ತೇನ್ರೀ? ತಪ್ಪಾತ್ರೀ, ಗೊತ್ತಾಗಲಿಲ್ಲ" ಎಂದು ಕೈಮುಗಿದಳು. ಖಾಲಾ ತಲೆಯಾಡಿಸಿ ಅವಳ ಗಲ್ಲ ಸವರಿದರು. ಏನು ಹೆಸರಿಟ್ಟಿರಿ ಎಂದು ಎಲ್ಲರೂ ಕೇಳಿದಾಗ, ಬರುವ ಹೋಗುವ ಅತಿಥಿಗಳಿಂದ ಹಾರುಹೊಡೆದಿದ್ದ ಮುಂಬಾಗಿಲ ಕಡೆ ಕೈ ತೋರಿಸಿದರು.

ಇಳಾ ಬೆಳೆದಳು. ಖಾಲಾನ ಚಪ್ಪಾಳೆಗೆ ಓಡುವ ಮಕ್ಕಳಲ್ಲಿ ಅವಳೂ ಒಬ್ಬಳಾದಳು. ಉರ್ದುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಖಾಲಾ ಒಮ್ಮೆಯೂ ಅವಳನ್ನು ಆ ಹೆಸರಿನಿಂದ ಕರೆಯಲಿಲ್ಲ, ಬಾಗಿಲು ಮುಚ್ಚಿದ್ದಾಗ ಕೂಡ. ಅವಳ ಕಿವಿಯ ಹಿಂದಿನ ಕೂದಲನ್ನು ಮಾತ್ರ ಯಾವಾಗಲೂ ಸರಿಸುತ್ತಿದ್ದರು.

ಹೋದ ವರ್ಷ ಅವರ ಹೃದಯ ಸೋತಿತು. ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ನರ್ಸು ಬಂದಾಗಲೆಲ್ಲ ಕೈಪಟ್ಟಿ ನೋಡುತ್ತ, ಬಾಗಿಲು ಪೂರ್ತಿ ತೆರೆದಿಟ್ಟು, ಜೋರಾಗಿ "ಜೋಹ್ರಾ" ಎನ್ನುತ್ತಿದ್ದಳು. ನನಗೆ ಕಸಿವಿಸಿಯಾಯಿತು. ಖಾಲಾ ನಕ್ಕರು. "ಒದರಲಿ ಬಿಡು, ಅದು ಬಾಗಿಲದ್ದು." ನರ್ಸು ಹೋದ ಮೇಲೆ ನನಗೆ ಸನ್ನೆ ಮಾಡಿದರು. ನಾನು ಬಾಗಿಲು ಹಾಕಿ ಬಂದೆ. ಆ ಬಾಗಿಲಿಗೆ ಬೋಲ್ಟು ಇರಲಿಲ್ಲ, ಆದರೂ ಹಿಡಿಕೆಯನ್ನು ಜಗ್ಗಿ ನೋಡಿದೆ.

"ಇಳಾನ ಕಿವ್ಯಾಗ ಏನ್ ಹೇಳೀನಿ ಅಂತ ನೀ ಯಾವತ್ತೂ ಕೇಳಲಿಲ್ಲ" ಎಂದರು.

"ಹೇಳೂದಿದ್ರ ನೀವ ಹೇಳತಿದ್ರಿ."

"ಮುರ್ತಜಾಗ ಸಿಟ್ಟ ಬರಬಾರದು ಅಂತ ಸುಮ್ಮನಿದ್ದೆ. ನಮ್ಮ ಮನಿ ಹುಡುಗಿ ಅಲ್ಲ, ಖರೆ. ಆದ್ರ ಅದಕ್ಕ ಒಂದ ಕಿವಿ ಸಿಕ್ಕತಲ್ಲ."

ಅವಳು ತೊಟ್ಟಿಲ ಕೂಸಾಗಿದ್ದಳು ಖಾಲಾ, ಅವಳಿಗೆ ಹೇಗೆ ನೆನಪಿರುತ್ತದೆ, ನನಗಾದರೂ ಹೇಳಿ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟು ನೆಮ್ಮದಿಯಾಗಿದ್ದ ಮುಖಕ್ಕೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ನಾಳೆ ಕೇಳಿದರಾಯಿತು ಎಂದು ಅವರ ಕಾಲು ಒತ್ತುತ್ತ ಕುಳಿತೆ. ಮರುದಿನ ಬೆಳಿಗ್ಗೆ ಮುರ್ತಜಾನ ಫೋನು ಬಂತು.

ಮಣ್ಣು ಮಾಡಿದ ದಿನ ನೆಲ ಹೆಪ್ಪುಗಟ್ಟುವಷ್ಟು ಚಳಿ. ಹೆಂಗಸರು ಸ್ವಲ್ಪ ಹಿಂದೆ ನಿಂತಿದ್ದೆವು. ಮುರ್ತಜಾ ಗುಂಡಿಗೆ ಇಳಿದು ತಾಯಿಯ ಭುಜದ ಮೇಲೆ ಕೈ ಇಟ್ಟುಕೊಂಡಿದ್ದ. ಅವರಲ್ಲಿ ಮಣ್ಣು ಹಾಕುವ ಮೊದಲು ಸತ್ತವರನ್ನು ಹೆಸರು ಹಿಡಿದು ಕರೆದು, ಕೇಳಿಸಿಕೋ ಎಂದು ಕೊನೆಯ ಮಾತು ಹೇಳುತ್ತಾರೆ. ಮೌಲ್ವಿಗಳು ಅಂಚಿನಲ್ಲಿ ಮೊಣಕಾಲೂರಿ ಹೆಸರು ಕೇಳಿದರು. ಮುರ್ತಜಾ ತಲೆಯೆತ್ತಿದ. ಅವನು ಜೋಹ್ರಾ ಎಂದುಬಿಟ್ಟರೆ ಮುಗಿಯಿತು. ಆ ಹೆಸರು ಅವನೊಬ್ಬನಿಗೆ ಗೊತ್ತು, ಮತ್ತು ಏನೂ ನೆನಪಿರದ ನನ್ನ ಮಗಳ ಕಿವಿಗೆ. ಮೌಲ್ವಿಗಳು ಇನ್ನೊಮ್ಮೆ ಕೇಳಿದರು. ಮುರ್ತಜಾ ಸಾರಾಳ ಕಡೆ ನೋಡಿದ, ತಾಯಿಯ ಮುಖ ನೋಡಿದ. ಆಮೇಲೆ ಮೌಲ್ವಿಗಳಿಗೆ ಹತ್ತಿರ ಬಗ್ಗಿ ಎಂದು ಸನ್ನೆ ಮಾಡಿದ. ಅವರು ಗುಂಡಿಯೊಳಕ್ಕೆ ಕಿವಿ ಬಗ್ಗಿಸಿದರು. ಅವನು ಉಸುರಿದ.

ಮೌಲ್ವಿಗಳು ನೆಟ್ಟಗಾಗಿ ಆ ಹೆಸರು ಹಿಡಿದು ಕರೆದರು. ದೊಡ್ಡ ದನಿಯಲ್ಲಿ, ಬಯಲಿನಲ್ಲಿ, ಎಲ್ಲೂ ಒಂದು ಬಾಗಿಲಿಲ್ಲದ ಜಾಗದಲ್ಲಿ. "ಹೂ ಈಸ್ ದ್ಯಾಟ್, ಡ್ಯಾಡ್?" ಎಂದು ಸಾರಾ ಕೇಳಿದಳು. ಗುಂಡಿಯೊಳಗಿನಿಂದ ಮುರ್ತಜಾ, "ದ್ಯಾಟ್ಸ್ ದಾದಿ," ನಿನ್ನ ಅಜ್ಜಿ, ಎಂದ. ಅವನು ಅಷ್ಟು ಜೋರಾಗಿ ಅತ್ತದ್ದನ್ನು ನಾನು ಅಂದೇ ನೋಡಿದ್ದು. ನಾನೂ ಅತ್ತೆ. ಖಾಲಾ ಇದ್ದಿದ್ದರೆ ಎಲ್ಲರ ಬಾಯಿ ಮುಚ್ಚಿಸುತ್ತಿದ್ದರು.

ಮನೆಗೆ ಬಂದಾಗ ಇಳಾ ಬಾಗಿಲಲ್ಲೇ ನಿಂತಿದ್ದಳು. ನಾನು ಬೂಟು ಕಳಚಲಿಲ್ಲ. ಹಿಂದಕ್ಕೆ ತಿರುಗಿ ಬಾಗಿಲು ಮುಚ್ಚಿದೆ, ಬೋಲ್ಟು ತಿರುಗಿಸಿದೆ, ಹಿಡಿಕೆ ಜಗ್ಗಿ ನೋಡಿದೆ. ಆಮೇಲೆ ಅವಳ ಮುಂದೆ ಮೊಣಕಾಲೂರಿ, ಕಿವಿಯ ಹಿಂದಿನ ಕೂದಲು ಸರಿಸಿ, ಕುರ್ರ್ರ್ ಎಂದು ಆ ಹೆಸರು ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಓದುವ ನಿಮ್ಮ ಮನೆಯ ಬಾಗಿಲು ಹಾಕಿದೆಯೋ ತೆರೆದಿದೆಯೋ ನನಗೇನು ಗೊತ್ತು.

ಕನ್ನಡದವರ ಮನೆಗಳಲ್ಲಿ ಹೆಸರಿಡುವ ಕಾರ್ಯಗಳನ್ನು ನೋಡಿ ನೋಡಿ ಪಳಗಿದ ಹುಡುಗಿ. ಹೆಸರು ಕಿವಿಗೆ ಬಿದ್ದ ಕೂಡಲೇ ನಕ್ಕು, ಮುಷ್ಟಿ ಕಟ್ಟಿ ನನ್ನ ಬೆನ್ನಿಗೆ ಗುದ್ದಿದಳು. ನನಗೆ ತಡೆಯಲಾಗಲಿಲ್ಲ. ನನ್ನ ಮುಖ ನೋಡಿ ಅವಳಿಗೆ ಭಯವಾಯಿತು.

"ಸಾರಿ ಅಮ್ಮಾ. ಟೂ ಹಾರ್ಡ್?"

ಇಲ್ಲ ಎಂದೆ. ಇನ್ನೊಂದು ಗುದ್ದು ಎಂದೆ.